ಉಂಗುರದ ಬೆರಳಿನ ಅಳತೆ

ಗಂಡ ಹೆಂಡತಿಯ ಕೈ ಹಿಡಿಯುವುದಕ್ಕೆ ನಮ್ಮ ಕಡೆ ಒಂದೇ ಮುಹೂರ್ತ. ಅದು ಮದುವೆಯ ದಿನ, ಅಯ್ಯನವರ ಅಪ್ಪಣೆಯ ಮೇಲೆ. ಆಮೇಲೆ ಹಿಡಿದರೆ ಯಾರಿಗೋ ಹುಷಾರಿಲ್ಲ ಎಂದೇ ಜನ ತಿಳಿಯುತ್ತಾರೆ. ನಮ್ಮ ಮನೆಯವರು ಹುನಗುಂದದ ಕಚೇರಿಯಲ್ಲಿ ಗುಮಾಸ್ತರು, ನಿಯಮ ಮೀರುವವರಲ್ಲ. ಹೊಸದಾಗಿ ಮದುವೆಯಾಗಿ ಪಟ್ಟದಕಲ್ಲಿಗೆ ಹೋದಾಗಲೂ ನಾನು ಗುಡಿಗಳಿಗಿಂತ, ಮುಂದೆ ಮುಂದೆ ನಡೆಯುವ ಅವರ ಬೆನ್ನನ್ನೇ ಹೆಚ್ಚು ನೋಡಿದ್ದು.

ಮೊನ್ನೆ ನನ್ನ ಮದುವೆಯ ಉಂಗುರ ಬೆರಳಿಗೆ ಬಿಗಿದು, ಇಳಕಲ್ಲಿನ ಅಕ್ಕಸಾಲಿಗರು ಅದನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ತವರಿನಲ್ಲಿ ಮಗ್ಗ, ಇಲ್ಲಿ ರೊಟ್ಟಿ. ಬೆರಳಿನ ಗಂಟು ದಪ್ಪವಾಗದೆ ಇನ್ನೇನಾದೀತು? ಹೊಸದು ಮಾಡಿಸೋಣ ಎಂದರು ನಮ್ಮವರು. ಬಾಗಲಕೋಟೆಯ ಅಂಗಡಿಗೆ ಫೋನು ಮಾಡಿದರೆ, ಮನೆಯಲ್ಲೇ ದಾರ ಸುತ್ತಿ ಅಳತೆ ತಿಳಿಸಿ ಎಂದರಂತೆ.

ಸಂಜೆ ಪಡಸಾಲೆಯಲ್ಲಿ ಕನ್ನಡಕ ಏರಿಸಿ ಕೂತು, "ಇಲ್ಲೆ ಬಾ, ಕೈ ಕೊಡು" ಎಂದರು.

"ಬಾಗಲಾ ಹಾಕ್ಲೇನ್ರಿ?"

"ಅಳತಿ ತಗೊಳ್ಳಾಕ ಬಾಗಲಾ ಯಾಕ?"

ಬಲಗೈ ಬೆರಳಿಗೆ ರೇಷ್ಮೆ ಎಳೆ ಸುತ್ತಿದರು. ರೇಷ್ಮೆ ಜಗ್ಗುತ್ತದೆ, ಅಳತೆಗೆ ಹತ್ತಿಯ ದಾರವೇ ಸರಿ ಎಂದು ನೇಕಾರರ ಮಗಳಾದ ನನಗೆ ಗೊತ್ತಿತ್ತು. ಹೇಳಲಿಲ್ಲ. ಬೆರಳಿನ ಗಂಟನ್ನು ಮೆಲ್ಲಗೆ ಒತ್ತಿ, "ಇಲ್ಲೆ ನೋವೈತೇನು?" ಎಂದರು. ಇಷ್ಟು ವರ್ಷ ಆ ಬೆರಳು ಬಡಿದ ರೊಟ್ಟಿ ತಿಂದವರು ಮೊದಲ ಸಲ ಬೆರಳಿನ ಸುಖದುಃಖ ವಿಚಾರಿಸಿದ್ದರು. ನನಗೆ ಕಣ್ಣು ತುಂಬಿ ಬಂತು. "ಸ್ವಲ್ಪ ಐತ್ರಿ" ಎಂದೆ. ನೋವೇನೂ ಇರಲಿಲ್ಲ.

ಅಳತೆ ಮುಗಿದರೆ ಈ ಸಂಪತ್ತೂ ಮುಗಿಯುತ್ತದಲ್ಲ ಎಂಬ ಚಿಂತೆ ಹತ್ತಿತು. ಮರುದಿನ, "ಬೆರಳು ಮುಂಜಾನಿ ಒಂದ್ ನಮೂನಿ, ಸಂಜಿಗೆ ಒಂದ್ ನಮೂನಿ ಇರ್ತಾವ್ರಿ" ಎಂದೆ. ಅದು ಖರೆಯೂ ಹೌದು. ಮತ್ತೆ ಅಳೆದರು. ಉಪ್ಪಿನಕಾಯಿ ತಿಂದು ಬಾವು ಬಂದಿದೆ ಎಂದೆ, ಕಾಗದದ ಪಟ್ಟಿ ಸುತ್ತಿ ಅಳೆದರು. ಹಾಗೆ ಕೂತಿದ್ದಾಗಲೇ ಗುಡೂರಿನಿಂದ ನಾದಿನಿ ಬಂದಳು.

"ಯಾಕಣ್ಣಾ, ಅತ್ತಿಗಿಗೆ ಆರಾಮಿಲ್ಲೇನು?"

ನಾನು ಕೈ ಎಳೆದುಕೊಳ್ಳಲು ಹೋದೆ. ಅವರು ಬಿಡಲಿಲ್ಲ. "ಅಳತಿ ನಡದೈತಿ. ನೀ ಒಳಗ ಹೋಗಿ ಚಾ ಮಾಡ್ಕೊಂಡು ಕುಡಿ" ಎಂದರು. ಆ ಚಹದಲ್ಲಿ ನನಗೂ ಒಂದು ಕಪ್ ಸಿಕ್ಕಿತು, ಎಡಗೈಯಲ್ಲಿ ಕುಡಿದೆ.

ಕೊನೆಗೆ ಉಂಗುರ ಬಂತು. ಹಾಳಾದ್ದು, ಸರಿಯಾಗಿಯೇ ಕೂತಿತು. "ಬರೋಬ್ಬರಿ ಆತು ನೋಡು" ಎಂದು ಹಿಗ್ಗಿ ಅವರು ಪೇಪರು ಹಿಡಿದರು. ನಾನು ಒಳಗೆ ಹೋದೆ. ಹೊಸ ಬಂಗಾರ ಬಂದ ದಿನ ಯಾವ ಹೆಂಗಸೂ ಅಷ್ಟು ಸಪ್ಪಗಿದ್ದಿರಲಾರಳು.

ಕೆಲವು ದಿನ ತಡೆದೆ. ಆಮೇಲೆ ಒಂದು ಸಂಜೆ ಅವರೆದುರು ಕೂತು, "ಯಾಕೋ ಕಾಲುಂಗ್ರ ಬಿಗಿ ಆದಂಗ ಆಗ್ಯಾವ್ರಿ" ಎಂದೆ.

ಅವರು ಪೇಪರು ಮಡಚಿಟ್ಟರು. "ಕಾಲು ಆಮ್ಯಾಲ ನೋಡೂಣು. ಎಡಗೈ ಇನ್ನೂ ಅಳದೇ ಇಲ್ಲಲ್ಲ, ಕೊಡು ಇಲ್ಲೆ."

ಕೊಟ್ಟೆ. ಅವರ ಹತ್ತಿರ ದಾರವೇ ಇರಲಿಲ್ಲ. ಇಷ್ಟು ದಿನ ನಾನೊಬ್ಬಳೇ ಜಾಣೆ ಎಂದುಕೊಂಡಿದ್ದೆ.