ಕುದುರೆಯಿಂದ ಬಿದ್ದವನು ಅವನು, ದೀಡ ಹಾಕಿದವನು ನಾನು

ಮನುಷ್ಯ ಬಗೆಬಗೆಯ ಹುಚ್ಚಾಟಗಳನ್ನು ಕಂಡುಹಿಡಿದದ್ದಕ್ಕೆ ನನ್ನ ತಕರಾರಿಲ್ಲ; ಅವಕ್ಕೆಲ್ಲ ಟೀವಿಯಲ್ಲಿ ಜಾಗ ಕೊಟ್ಟದ್ದಕ್ಕಿದೆ. ಈಚೆಗೆ ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ನುಗ್ಗಿರುವುದು ಜೌಸ್ಟಿಂಗ್ ಎಂಬ ಆಟ. ಮೈತುಂಬ ಕಬ್ಬಿಣ ತೊಟ್ಟ ಇಬ್ಬರು ದಾಂಡಿಗರು, ಎರಡು ಕುದುರೆ, ನಡುವೆ ಒಂದು ಬೇಲಿ. ಇವನು ಈ ಕಡೆಯಿಂದ, ಅವನು ಆ ಕಡೆಯಿಂದ ಉದ್ದನೆಯ ಕಟ್ಟಿಗೆಯ ಈಟಿ ಹಿಡಿದು ನುಗ್ಗಿಬಂದು ಒಬ್ಬರನ್ನೊಬ್ಬರು ತಿವಿಯಬೇಕು. ಈಟಿ ಮುರಿದರೆ ಅಂಕ, ಎದುರಾಳಿ ಉರುಳಿದರೆ ಇನ್ನಷ್ಟು ಅಂಕ. ಯಾವ ಜಗಳಕ್ಕೆ ಎಂದರೆ ಯಾವ ಜಗಳವೂ ಇಲ್ಲ. ನಮ್ಮಲ್ಲಿ ಹೊಲದ ಬದುವಿಗಾಗಿ ಹೊಡೆದಾಡುವವರಿಗಾದರೂ ಒಂದು ಕಾರಣವಿರುತ್ತದೆ. ಇಡೀ ಮೈದಾನದಲ್ಲಿ ಬುದ್ಧಿಯಿರುವಂತೆ ಕಾಣುವುದು ಕುದುರೆಗಳಿಗೆ ಮಾತ್ರ. ಅವುಗಳ ಮುಖಕ್ಕೂ ತಗಡು ಕಟ್ಟಿರುತ್ತಾರೆ.

ನನ್ನ ಹೆಂಡತಿ ಗೌರಮ್ಮನಿಗೆ ಮಾತ್ರ ಅದು ಪ್ರಾಣ. ಮುಖ ಮುಚ್ಚುವ ಕಬ್ಬಿಣದ ಟೊಪ್ಪಿಗೆಗೆ ನೀಲಿ ತುರಾಯಿ ಸಿಕ್ಕಿಸಿಕೊಂಡ ಸವಾರನೊಬ್ಬನನ್ನು ಮನೆಮಗನೆಂದೇ ಒಪ್ಪಿಕೊಂಡಿದ್ದಾಳೆ. ಮುಖವೇ ಕಾಣದವನ ಮೇಲೆ ಎಂಥ ಮಮತೆ ಎಂದು ನಾನು ಛೇಡಿಸುತ್ತಿದ್ದೆ. ಒಂದು ಭಾನುವಾರ ಮಧ್ಯಾಹ್ನ ಅವನು ತಿವಿತ ತಿಂದು ದೊಪ್ಪನೆ ಬಿದ್ದ, ಮಿಸುಕಲಿಲ್ಲ. ಗೌರಮ್ಮನ ಕಣ್ಣಲ್ಲಿ ನೀರು. ಕೈಜೋಡಿಸಿ, “ತಾಯಿ ಊರಮ್ಮ, ಈ ಹುಡುಗ ಎದ್ದು ನಿಂತರ ನಮ್ಮ ಮನಿಯವ್ರು ನಿನ್ನ ಗುಡಿ ಸುತ್ತ ದೀಡ ನಮಸ್ಕಾರ ಹಾಕ್ತಾರವ್ವ” ಅಂದಳು.

ಅವನು ಎದ್ದು ನಿಂತು ಕೈಬೀಸಿದ. ನಾನು ಕುಸಿದು ಕೂತೆ.

“ಹರಕಿ ಹೊತ್ತಾಕಿ ನೀನು, ನೀನ ಹಾಕು,” ಅಂದೆ.

“ನನ್ನ ಮಣಕಾಲು ನೋವು ನಿಮಗ ಗೊತ್ತಿಲ್ಲೇನ್ರಿ?”

“ಲೇ, ಇದು ಹಳೇ ಪಂದ್ಯ, ತಿರುಗಿ ಹಾಕ್ಯಾರ. ಅಂವ ಯಾವಾಗೋ ಎದ್ದು ಮನಿಗೆ ಹೋಗ್ಯಾನ. ಇದರಾಗ ಊರಮ್ಮಂದು ಏನೈತಿ?”

“ಹಂಗಾದ್ರ ಅದನ್ನ ಗುಡಿ ಮುಂದ ನಿಂತು ಹೇಳಿ ಬರ್ರಿ.”

ಕಚೇರಿಯಲ್ಲಿ ವಿಚಾರವಾದಿ ಎಂದು ಹೆಸರು ಮಾಡಿರುವ ನಾನು ಹೇಳಿ ಬರಲಿಲ್ಲ. ದೀಡ ನಮಸ್ಕಾರವೆಂದರೆ ತಲೆಗೆ ನೀರು ಸುರಿದುಕೊಂಡು ಒದ್ದೆ ಪಂಚೆಯಲ್ಲಿ ಬೋರಲು ಮಲಗುವುದು. ಚಾಚಿದ ಕೈ ಮುಟ್ಟಿದಲ್ಲಿ ಗೆರೆ ಎಳೆಯುತ್ತಾರೆ. ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಮಲಗುವುದು. ಆ ಸವಾರ ಬಿದ್ದದ್ದು ಒಂದೇ ಸಲ, ಅದೂ ಕಬ್ಬಿಣ ತೊಟ್ಟು, ಮೆತ್ತನೆಯ ಮರಳಿನ ಮೇಲೆ. ನಾನು ಗುಡಿ ಸುತ್ತಿ ಮುಗಿಸುವವರೆಗೂ ಕಲ್ಲಿನ ಮೇಲೆ ಬೀಳುತ್ತಲೇ ಇದ್ದೆ, ನನ್ನ ಹೊಟ್ಟೆಯ ಸಮೇತ. ಓಣಿಯ ಹೆಂಗಸರೆಲ್ಲ ನಿಂತು ನೋಡಿದರು. ಗೆರೆ ಎಳೆಯುತ್ತಿದ್ದ ಪೂಜಾರಿ, “ಯಾತರ ಹರಕಿರಿ ಸರ?” ಎಂದು ಕೇಳಿದ. ನನ್ನ ಬಾಯಲ್ಲಿ ಮಣ್ಣಿತ್ತು. ಗೌರಮ್ಮನೇ, “ನಮ್ಮ ಹುಡುಗೊಬ್ಬ ಕುದುರಿ ಮ್ಯಾಲಿಂದ ಬಿದ್ದಿದ್ದ. ಈಗ ಆರಾಮ ಅದಾನ” ಅಂದಳು. ಪೂಜಾರಿ ಮರುಗಿ, ಹುಡುಗನ ಹಣೆಗೆ ಹಚ್ಚಿರೆಂದು ಅರಿಶಿನದ ಭಂಡಾರ ಕಟ್ಟಿಕೊಟ್ಟ.

ಮುಂದಿನ ಭಾನುವಾರ ಟೀವಿ ಮುಂದೆ ಮೊದಲು ಕೂತವನು ನಾನೇ. ಮೊಣಕೈಗೆ ಇನ್ನೂ ಮುಲಾಮು ಹಚ್ಚಿತ್ತು. ನೀಲಿ ತುರಾಯಿ ಕಂಡಕೂಡಲೇ, “ಗಟ್ಟಿ ಕುಂದ್ರಪ್ಪ, ತಮ್ಮಾ” ಎಂದು ನನಗೆ ತಿಳಿಯದೆಯೇ ಬಾಯಿಂದ ಬಂತು. ಇಬ್ಬರೂ ನುಗ್ಗಿ ಬಂದರು. ಈ ಸಲ ಉರುಳಿದ್ದು ಎದುರಾಳಿ. ಈ ಸಲ ನಾನು ಬದುಕಿಕೊಂಡೆ ಎಂದು ಚಪ್ಪಾಳೆ ತಟ್ಟುತ್ತ ಪಕ್ಕಕ್ಕೆ ತಿರುಗಿದೆ.

ಗೌರಮ್ಮ ಕಣ್ಣು ಮುಚ್ಚಿ ಕೈಜೋಡಿಸಿದ್ದಳು. “ಪಾಪ, ಅವನೂ ಒಬ್ಬ ತಾಯಿ ಮಗ ಅಲ್ಲೇನ್ರಿ?”