ಅಲೆಯಿಲ್ಲದ ಬೆಳಕು

ಇಷ್ಟೆಲ್ಲ ಫಜೀತಿಗೆ ಕಾರಣ, ಕೂದಲೆಳೆಗಿಂತ ಸಣ್ಣದೊಂದು ಕಲೆ.

ಪ್ರಯೋಗಾಲಯದವರೆಲ್ಲ ನಾಳೆರಾಯ ಎಂದೇ ಕರೆಯುವ ಸಂಶೋಧಕನ ಚಿಪ್‌ನೊಳಗೆ, ಎರಡು ಕನ್ನಡಿಗಳ ನಡುವೆ ಸಿಕ್ಕಿಬಿದ್ದ ಬೆಳಕು ಅಲ್ಲಿನ ವಸ್ತುವಿನೊಡನೆ ಬೆರೆತು ನೀರಿನಂತೆ ಹರಿಯುತ್ತಿತ್ತು. ಆ ಕಲೆ ದಾರಿಗೆ ಅಡ್ಡ. ಬಂಡೆಗೆ ಹೊಳೆ ಬಡಿದಂತೆ ಬೆಳಕು ಬಡಿದು ಪರದೆಯ ಮೇಲೆ ಅಲೆ ಏಳುತ್ತಿತ್ತು. ಅಡ್ಡಿಯಿದ್ದರೂ ಅಲೆಯೆಬ್ಬಿಸದೆ ಬಳಸಿ ಹರಿದರೆ ಅದು ಸೂಪರ್‌ಫ್ಲೂಯಿಡ್. ಸಂಜೆಯೊಳಗೆ ಅದನ್ನು ತೋರಿಸದಿದ್ದರೆ ಲೇಸರ್ ಯಂತ್ರ ಪಕ್ಕದ ಕೋಣೆಯವರಿಗೆ ಎಂದು ಮುಖ್ಯಸ್ಥೆ ಮೇಡಂ ಹೇಳಿಬಿಟ್ಟಿದ್ದರು.

ಲೇಸರ್ ಹೆಚ್ಚಿಸಿದರೆ ಅಲೆ ಅಡಗುತ್ತದೆಂದು ಅವನಿಗೆ ಗೊತ್ತು. ಆದರೆ ಇರುವುದೊಂದೇ ಚಿಪ್. ಸುಟ್ಟುಹೋದೀತೆಂಬ ಭಯಕ್ಕೆ ಲೇಸರ್‌ನ ಗುಂಡಿಯನ್ನು ಮಲಗಿದ ಮಗುವಿನ ಕೆನ್ನೆಯಂತೆ ಮುಟ್ಟುತ್ತಿದ್ದ.

ಪಕ್ಕದ ಕೋಣೆಯ ಸಲಹೆಸ್ವಾಮಿ ಆಗಾಗ ಇಣುಕುತ್ತಿದ್ದ. "ಏನ್ರಾಯ್ರೇ, ಇನ್ನೂ ಅಲೆನೇ ಎಣಿಸ್ತಿದೀರಾ? ಹೋಗಿ ಮುಖ ತೊಳ್ಕೊಂಡ್ ಬನ್ನಿ, ಯಂತ್ರ ನಾನ್ ನೋಡ್ಕೋತೀನಿ."

ಮುಖ ತೊಳೆದು ಬಂದ ನಾಳೆರಾಯ ಪರದೆ ನೋಡಿ ಬೆರಗಾದ. ಒಂದೂ ಅಲೆಯಿಲ್ಲ! ಬಿದ್ದಂಬೀಳ ಓಡಿ ಮೇಡಂ ಅವರನ್ನು ಕರೆತಂದ.

ಮೇಡಂ ಕನ್ನಡಕ ಏರಿಸಿದರು. "ಅಲೆ ಇಲ್ಲ, ನಿಜ. ಅಡ್ಡಿ ಎಲ್ಲಪ್ಪಾ?"

"ಆ ಕಪ್ಪು ಕಲೆನಾ ಮೇಡಂ?" ಸಲಹೆಸ್ವಾಮಿ ಹಲ್ಲು ಬಿಟ್ಟ. "ಕೊಳೆ ಅನ್ಕೊಂಡೆ. ಚಿಪ್ ಜರುಗಿಸಿ ಒಳ್ಳೇ ಜಾಗಕ್ಕೆ ತಂದಿಟ್ಟೆ."

ಬಂಡೆಯನ್ನೇ ಎತ್ತಿಟ್ಟ ಮೇಲೆ ಹೊಳೆ ಶಾಂತವಾಗಿರದೆ ಇನ್ನೇನಾದೀತು! ನಾಳೆರಾಯನ ಮುಖ ತೊಳೆದ ನೀರು ಆರುವ ಮೊದಲೇ ಬೆವರು ಇಳಿಯಿತು. ಚಿಪ್ ಹಿಂದಕ್ಕೆ ಜರುಗಿಸಿದ. ಕಪ್ಪು ಕಲೆ ಮೆಲ್ಲಗೆ ಪರದೆಯ ನಡುವಿಗೆ ಬಂತು.

ಅಲೆ ಏಳಲಿಲ್ಲ.

ಬೆಳಕು ಕಲೆಯನ್ನು ಬಳಸಿಕೊಂಡು, ಏನೂ ಅಡ್ಡ ಬಂದೇ ಇಲ್ಲವೆಂಬಂತೆ ಹರಿಯಿತು. ಮೂವರೂ ಪರದೆಗೆ ಮೂಗು ತಾಗುವಷ್ಟು ಬಾಗಿದರು.

"ಭೇಷ್!" ಮೇಡಂ ಮೊದಲು ಮಾತಾಡಿದರು. "ಲೇಸರ್ ಎಷ್ಟಕ್ಕಿಟ್ಟಿದೀಯ?"

ನಾಳೆರಾಯ ಗುಂಡಿಯತ್ತ ತಿರುಗಿದ. ಅದು ಅವನು ಕನಸಿನಲ್ಲೂ ಇಡದಷ್ಟು ಮೇಲಿತ್ತು.

"ಚಿತ್ರ ಮಬ್ಬಾಗಿತ್ತಲ್ಲ ಮೇಡಂ," ಎಂದ ಸಲಹೆಸ್ವಾಮಿ, "ಅದನ್ನೂ ನಾನೇ ಒಂಚೂರು ತಿರುಗಿಸ್ದೆ."

ಮೇಡಂ ಕೈ ಕುಲುಕಿದರು, ಸಲಹೆಸ್ವಾಮಿಯದು.

"ಯಂತ್ರ ಇನ್ಮೇಲೆ ನಿಮ್ದೇ ಕಣ್ರೀ. ಇವ್ನೂ ಜೊತೇಲಿರ್ಲಿ ಪಾಪ, ಅನುಭವಸ್ಥ. ಏನೂ ಮುಟ್ದೇ ಇದ್ರೆ ಸಾಕು."