ವಾರಕ್ಕೆ ಹತ್ತು ಶಬ್ದ

ಎರಡನೇ ಇಯತ್ತೆಯ ಮಕ್ಕಳಿಗೆ ವಾರಕ್ಕೆ ಹತ್ತು ಹೊಸ ಶಬ್ದ ಆರಿಸಿ ಕಲಿಸೋದು ನನ್ನ ಕೆಲಸ. ಮುಂಡರಗಿಯಿಂದ ಡಂಬಳದ ಕಡೆ ಹೋಗುವ ಬಸ್ಸಿನಲ್ಲಿ ಕೂತು ಆರಿಸುತ್ತೇನೆ. ಇಳಿಯೋ ಹೊತ್ತಿಗೆ ಪಟ್ಟಿ ತಯಾರಾಗಿರುತ್ತದೆ, ಶಾಲೆ ಮುಟ್ಟೋ ಹೊತ್ತಿಗೆ ಜಗಳವೂ ತಯಾರು.

೧. ಕಡಲೆಕಾಯಿ

ಪುಸ್ತಕದಲ್ಲಿ ಶೇಂಗಾದ ಚಿತ್ರದ ಕೆಳಗೆ ಹಾಗೇ ಅಚ್ಚಾಗಿತ್ತು, ನಾನೂ ಹಾಗೇ ಕಲಿಸಿದೆ. ಮರುದಿನ ಪ್ರಾರ್ಥನೆ ಮುಗಿಯುವ ಮೊದಲೇ ಒಬ್ಬ ಅಜ್ಜಿ ಬೇರುಸಮೇತ ಕಿತ್ತ ಶೇಂಗಾ ಗಿಡ ಹಿಡಿದು ಬಾಗಿಲಲ್ಲಿ ನಿಂತಳು.

“ಅಕ್ಕಾರ, ಇದಕ್ಕ ಏನಂತಾರ್ರಿ?”

“ಶೇಂಗಾ ರೀ.”

“ಮತ್ತ ನಮ್ಮ ಮೊಮ್ಮಗಳು ಕಡ್ಲಿಕಾಯಿ ಅಂತಾಳ. ತಿದ್ದಾಕ ಹೋದ್ರ, ನಿನಗ ಬರಂಗಿಲ್ಲ ಸುಮ್ನ ಕುಂಡ್ರಬೇ ಅಂದ್ಲು. ನಲವತ್ತ ವರ್ಷದಿಂದ ಬೆಳ್ಯಾಕತ್ತೀನಿ ನಾ ಇದನ್ನ.”

“ಪುಸ್ತಕದಾಗ ಹಂಗ ಐತ್ರಿ,” ಅಂದೆ.

ಅಜ್ಜಿ ಗಿಡವನ್ನು ನನ್ನ ಮೇಜಿನ ಮೇಲಿಟ್ಟಳು. “ಹಂಗಾರ ಪುಸ್ತಕ ಬರದವ್ರನ್ನ ಒಂದಿನ ನಮ್ಮ ಹೊಲಕ್ಕ ಕಳಸ್ರಿ. ಕೀಳಾಕ ಆಳು ಸಿಗವಲ್ರು.”

೨. ಮನೆಯಿಂದ ತಂದದ್ದು

ಆಮೇಲೆ ಬುದ್ಧಿ ಬಂದು, ಮನೆಯಲ್ಲಿ ದಿನಾ ಕೇಳುವ ಒಂದೊಂದು ಶಬ್ದ ತನ್ನಿ ಎಂದು ಮಕ್ಕಳಿಗೇ ಹೇಳಿದೆ. ರೊಟ್ಟಿ, ಕಸಬರಿಗಿ, ಮೊಬೈಲ್ ಬಂದವು. ಒಬ್ಬ ಹುಡುಗಿ ಎದ್ದು ನಿಂತು “ಹಲ್ಕಟ್ ರೀ” ಎಂದಳು. ಅದೇ ಗಳಿಗೆಗೆ ಹೆಡ್ ಮಾಸ್ತರು ಒಳಗೆ ಬಂದರು. ಅವಳನ್ನೇ ಕೇಳಿದರು:

“ಇಂಥಾ ಶಬ್ದ ಮನ್ಯಾಗ ಯಾರಂತಾರ?”

“ನಮ್ಮಪ್ಪ ರೀ.”

“ಯಾರಿಗೆ?”

ಹುಡುಗಿ ನನ್ನನ್ನು ನೋಡಿದಳು, ಅವರನ್ನು ನೋಡಿದಳು, ನೆಲ ನೋಡಿದಳು. “ನಿಮ್ಮ ಮುಂದ ಹೇಳಬ್ಯಾಡ ಅಂದಾನ್ರಿ.”

೩. ತಿಂಡಿ

ತಪಾಸಣೆಗೆ ಬಂದ ಸಾಹೇಬರು ಮೈಸೂರು ಕಡೆಯವರು. ನನ್ನ ಪಟ್ಟಿ ಓದುತ್ತ ಹುಬ್ಬು ಗಂಟಿಕ್ಕಿದರು. “ತಿಂಡಿ ಅನ್ನೋದನ್ನ ಯಾಕೆ ಬಿಟ್ಟಿದ್ದೀರಾ? ಇಷ್ಟು ಸುಲಭದ ಪದಾನೂ ಮಕ್ಕಳಿಗೆ ಕಲಿಸಿಲ್ವಾ?”

ಅವರ ಪೆನ್ನು ವರದಿಯ ಮೇಲೆ ನಿಂತಿತ್ತು. ನಮ್ಮ ಕಡೆ ತಿಂಡಿ ಅಂದರೆ ಮೈ ತುರಿಕೆ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿದರು. ಶಾಲೆಗೆ ಸೇರಿದಾಗಿನಿಂದ ಒಂದು ಮಾತೂ ಆಡದವಳು.

“ನಿಮ್ಮನೇಲಿ ಬೆಳಿಗ್ಗೆ ಎಲ್ಲರಿಗೂ ತಿಂಡಿ ಆಯ್ತಾ, ಪುಟ್ಟಿ?”

ಹುಡುಗಿ ಮೆಲ್ಲಗೆ ಅಂದಳು, “ನಮಗ್ಯಾರಿಗೂ ಇಲ್ರಿ. ಎಮ್ಮಿಗೆ ಐತ್ರಿ. ಬೇವಿನೆಣ್ಣಿ ಹಚ್ಚೇವ್ರಿ.”

ಆಗ ನಾನು ಅರ್ಥ ಬಿಡಿಸಿ ಹೇಳಿದೆ. ಸಾಹೇಬರು ನಗಲಿಲ್ಲ. ‘ಪದಗಳ ಆಯ್ಕೆ ಸೂಕ್ತವಾಗಿದೆ’ ಎಂದು ಬರೆದು, ಸಹಿ ಹಾಕಿ ಎದ್ದರು. ಅವರು ಜೀಪಿನ ಹತ್ತಿರ ಹೋಗುವಷ್ಟರಲ್ಲಿ ಆ ಹುಡುಗಿ ಹಿಂದೆಯೇ ಓಡಿದಳು. ಇಷ್ಟು ದಿನ ಬಾಯಿ ಬಿಡದವಳು ಇಡೀ ಅಂಗಳಕ್ಕೆ ಕೇಳುವಂತೆ ಕೇಳಿದಳು:

“ಸರ್, ನಿಮ್ಮ ಮನ್ಯಾಗ ಎಲ್ಲಾರಿಗೂ ಐತೇನ್ರಿ? ಎಣ್ಣಿ ತಂದಕೊಡ್ಲೇನ್ರಿ?”